ಸೂರು ಸರಕಾರದ್ದು, ನೆರೆ ನಮ್ಮದು



ನಮ್ಮ ಕುಷ್ಟಗಿಯಿಂದ ಸಿಂಧನೂರಿನ ಕಡೆ ಹೋದರೆ ಬಂಗಾಳಿ ಮಾತು ಕೇಳಿಬರುವ ಆರ್.ಎಚ್. ಕ್ಯಾಂಪುಗಳಿವೆ. 1971ರ ಯುದ್ಧದ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಹಿಂದೂ ಕುಟುಂಬಗಳಿಗೆ ಸರಕಾರ ಅಲ್ಲಿ ಮನೆ, ಹೊಲ ಕೊಟ್ಟು ನೆಲೆ ಮಾಡಿಕೊಟ್ಟಿತು. ಆದರೂ ಅವರಲ್ಲಿ ಹಲವರು ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾಯಬೇಕಾಯಿತು.

ಸೂರು ಸಿಕ್ಕ ಮಾತ್ರಕ್ಕೆ ಊರು ಸಿಗುವುದಿಲ್ಲ. ಕ್ರಿ.ಶ. 622ರಲ್ಲಿ ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರನ್ನು ಪ್ರವಾದಿವರ್ಯರು(ಸ) ಮದೀನಾದ ಅನ್ಸಾರರೊಡನೆ ಸಹೋದರರನ್ನಾಗಿ ಜೋಡಿಸಿದರು. ಸಾರಿಗೆ ತುಸು ನೀರು ಹೆಚ್ಚಿಸಿಯಾದರೂ ನೆರೆಮನೆಗೆ ಕೊಡಿರೆಂದು ಕಲಿಸಿದರು. ನೆರೆಯವರ ಹಕ್ಕಿಗೆ ಧರ್ಮದ ಬೇಲಿಯಿಲ್ಲ.

ನಾಳೆ ನಮ್ಮ ಓಣಿಗೂ ಯಾರಾದರೂ ಹಾಗೆ ಬಂದಾರು. ಕಾಗದ ಕೇಳುವುದು ಕಚೇರಿಯ ಕೆಲಸ. ಊಟವಾಯಿತೇ ಎಂದು ಕೇಳುವುದು ನಮ್ಮ ಕೆಲಸ.