ಸಡಿಲ ಮುಚ್ಚಳ

ಓದುಗರೊಬ್ಬರು ತಮ್ಮ ತೀರ್ಥರೂಪರ ಕಾಲದ ಕ್ಯಾಮೆರಾ ಒಂದನ್ನು ಪೆಟ್ಟಿಗೆಯಿಂದ ಹೊರತೆಗೆದಿರುವರು. ಯಂತ್ರ ಸುಸ್ಥಿತಿಯಲ್ಲಿದೆ, ಫಿಲ್ಮೂ ದೊರೆತಿದೆ. ಲೆನ್ಸಿನ ಮುಚ್ಚಳ ಮಾತ್ರ ನಿಲ್ಲದೆ ಕಳಚಿ ಬೀಳುತ್ತದೆ, ಇಷ್ಟು ಅಲ್ಪ ವಿಷಯಕ್ಕೆ ಪತ್ರ ಬರೆಯಲು ಸಂಕೋಚವಾಗುತ್ತದೆ ಎಂದಿರುವರು. ಸಂಕೋಚಪಡಬೇಕಾದುದಿಲ್ಲ. ಇದೇ ಅಲ್ಪ ವಸ್ತುವಿನಿಂದ ನಾವು ಕಳೆದುಕೊಂಡುದು ಅಲ್ಪವಲ್ಲ.

ಅವರದು ರೇಂಜ್‌ಫೈಂಡರ್ ಜಾತಿಯ ಕ್ಯಾಮೆರಾ. ಇದರಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಮೂಡಿಸುವ ಲೆನ್ಸು ಬೇರೆ. ಕಿಂಡಿಯಲ್ಲಿ ಒಂದೇ ವಸ್ತುವಿನ ಎರಡು ಬಿಂಬಗಳು ಕಾಣುವುವು. ಲೆನ್ಸಿನ ಉಂಗುರವನ್ನು ತಿರುಗಿಸಿ ಅವೆರಡನ್ನೂ ಒಂದಾಗಿಸಿದರೆ ದೂರ ಸರಿಹೊಂದಿತೆಂದು ಅರ್ಥ. ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಜಗತ್ತೆಲ್ಲ ನಿಚ್ಚಳವಾಗಿಯೇ ಕಾಣುತ್ತಿರುತ್ತದೆ. ಮುಚ್ಚಳ ತೆಗೆಯಲು ಮರೆತು 36 ಚಿತ್ರಗಳ ಸುರುಳಿಯನ್ನು ಪೂರ್ತಿ ಖಾಲಿಯಾಗಿ ಮುಗಿಸಿದ ಮಹನೀಯರು ನಮ್ಮ ಬಳಗದಲ್ಲಿಯೇ ಇದ್ದಾರೆ.

ಹಾಗೆಂದು ಮುಚ್ಚಳವನ್ನೇ ಬಿಟ್ಟುಬಿಡೋಣವೆಂದರೆ ಅದಕ್ಕಿಂತ ದೊಡ್ಡ ಹಾನಿ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಷಟರಿಗೂ ನಡುವೆ ಒಂದು ಕನ್ನಡಿ ಅಡ್ಡವಿರುತ್ತದೆ. ಇಲ್ಲಿ ಅದಿಲ್ಲ. ಹಳೆಯ ಲೈಕಾ ಮತ್ತು ಅದರ ಮಾದರಿಯಲ್ಲಿ ಬಂದ ಸೋವಿಯತ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ನೇರವಾಗಿ ಇರುವುದು ಕಪ್ಪು ಬಟ್ಟೆಯ ತೆಳುವಾದ ಪರದೆ. ಬಾಲಕರು ಭೂತಗನ್ನಡಿ ಹಿಡಿದು ಕಾಗದ ಸುಡುವ ಆಟ ಎಲ್ಲರಿಗೂ ತಿಳಿದುದೇ. ಲೆನ್ಸು ಸೂರ್ಯನಿಗೆ ಮುಖ ಮಾಡಿ ಕೆಲಹೊತ್ತು ಇದ್ದರೆ ಆ ಪರದೆಗೂ ಅದೇ ಗತಿ. 1966ರಲ್ಲಿ ಬಂದ ಯಾಷಿಕಾ ಎಲೆಕ್ಟ್ರೋ 35ರಂತಹವುಗಳಲ್ಲಿ ಲೋಹದ ಎಲೆಗಳ ಷಟರ್ ಇರುವುದರಿಂದ ಈ ಭಯವಿಲ್ಲ.

ಮುಚ್ಚಳವೇ ಯಂತ್ರದ ಅಂಗವಾಗಿದ್ದ ಕಾಲವೂ ಒಂದಿತ್ತು. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಕ್ಯಾಮೆರಾದ ಕೆಲವೇ ಪ್ರತಿಗಳನ್ನು 1923ರಲ್ಲಿ ಪರೀಕ್ಷೆಗಾಗಿ ತಯಾರಿಸಿದರು. ಫಿಲ್ಮನ್ನು ಮುಂದಕ್ಕೆ ಸುತ್ತುವಾಗ ಅದರ ಷಟರಿನ ಸೀಳು ತೆರೆದೇ ಇರುತ್ತಿತ್ತು. ಪ್ರತಿ ಚಿತ್ರದ ಬಳಿಕ ಮುಚ್ಚಳ ಹಾಕಿಯೇ ಸುತ್ತಬೇಕು. ಆದ್ದರಿಂದ ಮುಚ್ಚಳವನ್ನು ದಾರದಿಂದ ಕ್ಯಾಮೆರಾಕ್ಕೇ ಕಟ್ಟಿರುತ್ತಿದ್ದರು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಲ್ಲಿ ಆ ದೋಷ ನೀಗಿತು, ದಾರವೂ ಹೋಯಿತು. ದಾರ ಉಳಿದಿದ್ದರೆ ಚೆನ್ನಾಗಿತ್ತೆಂದು ನಮಗೆ ಅನೇಕ ಸಲ ಅನಿಸಿದುದುಂಟು.

1986ರ ಮಾತು. ನಮ್ಮಲ್ಲಿ ಒಂದು ಹಳೆಯ ಸೋವಿಯತ್ ಕ್ಯಾಮೆರಾ ಇತ್ತು. ಅದರ ಮೂಲ ಮುಚ್ಚಳ ಎಂದೋ ಕಳೆದು, ಅಂಗಡಿಯಲ್ಲಿ ಹತ್ತಿರದ ಅಳತೆಯದೊಂದನ್ನು ಕೊಂಡಿದ್ದೆವು. ಮನೆಮಂದಿಯೆಲ್ಲ ಬಾದಾಮಿಗೆ ಹೋದಾಗ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕ್ಯಾಮೆರಾವನ್ನು ಅಂಗಾತ ಇಟ್ಟು ಬುತ್ತಿ ಬಿಚ್ಚಿದೆವು. ಮುಚ್ಚಳ ಯಾವಾಗ ಜಾರಿತೋ ಕಾಣಲಿಲ್ಲ. ಊಟವಾದ ಮೇಲೆ ಸೋದರತ್ತೆಯವರನ್ನು ನಡುವೆ ಕುಳ್ಳಿರಿಸಿ ಹತ್ತಾರು ಚಿತ್ರ ತೆಗೆದೆವು. ಫಿಲ್ಮು ತೊಳೆಸಿ ಪ್ರತಿ ಹಾಕಿಸಿದಾಗ ಪ್ರತಿಯೊಂದರಲ್ಲೂ ಸರಿಯಾಗಿ ಒಂದೇ ಜಾಗದಲ್ಲಿ ಬೆಳ್ಳನೆಯ ಚುಕ್ಕೆ. ಪರದೆಯಲ್ಲಿ ಸಾಸಿವೆಗಿಂತ ಚಿಕ್ಕ ತೂತು ಬಿದ್ದು ಅದರ ಮೂಲಕ ಬೆಳಕು ಸೋರಿತ್ತು. ಅದು ಚಿತ್ರದ ನಟ್ಟನಡುವೆ. ನಡುವೆ ಕುಳಿತವರು ಅತ್ತೆಯವರು. ಮರುವರ್ಷ ಅವರು ಲಿಂಗೈಕ್ಯರಾದರು. ಅವರ ಬೇರೆ ಭಾವಚಿತ್ರ ನಮ್ಮ ಮನೆಯಲ್ಲಿಲ್ಲ.

ಇನ್ನು ದುರಸ್ತಿಯ ವಿಚಾರ. ಹಳೆಯ ಲೋಹದ ಮುಚ್ಚಳಗಳ ಒಳಅಂಚಿಗೆ ಮಖಮಲ್ಲಿನ ಅಥವಾ ಫೆಲ್ಟಿನ ಪಟ್ಟಿ ಅಂಟಿಸಿರುತ್ತಾರೆ. ಅದು ಸವೆದರೆ ಮುಚ್ಚಳ ಸಡಿಲಾಗುತ್ತದೆ. ವರ್ನಿಯರ್ ಮಾಪಕದಿಂದ ಲೆನ್ಸಿನ ಮುಂಭಾಗದ ಹೊರವ್ಯಾಸವನ್ನೂ ಮುಚ್ಚಳದ ಒಳವ್ಯಾಸವನ್ನೂ ಅಳೆಯಬೇಕು. ಲೆನ್ಸು 42 ಮಿಲಿಮೀಟರ್, ಮುಚ್ಚಳ 43.5 ಇದ್ದರೆ ವ್ಯತ್ಯಾಸ 1.5. ಪಟ್ಟಿ ಎರಡೂ ಬದಿಗೆ ಬರುವುದರಿಂದ ಅದರ ಅರ್ಧ, ಅಂದರೆ 0.75 ತುಂಬಬೇಕಾದ ಸಂದು. ಒತ್ತಿದರೆ ತುಸು ತಗ್ಗುವ 1 ಮಿಲಿಮೀಟರ್ ಫೆಲ್ಟು ಇದಕ್ಕೆ ಸರಿ. ಹಾರ್ಮೋನಿಯಂ ರಿಪೇರಿ ಮಾಡುವವರಲ್ಲಿ ಇಂತಹ ತುಂಡುಗಳು ಸಿಗುತ್ತವೆ.

ಹಳೆಯ ಅಂಟನ್ನು ಕೆರೆದು, ಮುಚ್ಚಳಕ್ಕೂ ಪಟ್ಟಿಗೂ ರಬ್ಬರಿನ ಅಂಟನ್ನು ತೆಳ್ಳಗೆ ಸವರಿ, ಆರಿದ ಮೇಲೆ ಒತ್ತಬೇಕು. ಪಟ್ಟಿಯ ಎರಡು ತುದಿಗಳ ನಡುವೆ ಎರಡು ಮೂರು ಮಿಲಿಮೀಟರ್ ತೆರಪು ಬಿಡುವುದು ಅಗತ್ಯ. ಗಾಳಿ ಆಡಲು ದಾರಿಯಿಲ್ಲದಿದ್ದರೆ ಹಾಕುವಾಗ ಮುಚ್ಚಳವನ್ನು ಗಾಳಿಯೇ ಹಿಂದಕ್ಕೆ ತಳ್ಳುತ್ತದೆ, ತೆಗೆಯುವಾಗ ಹಿಡಿದುಕೊಳ್ಳುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ವಿದ್ಯುತ್ ತಂತಿಗೆ ಸುತ್ತುವ ಟೇಪೂ ಬೇಡ. ಬೇಸಗೆಯಲ್ಲಿ ಅದರ ಅಂಟು ಒಸರಿ ಲೆನ್ಸಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ಸ್ಪಂಜು ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ.

ಬಿಗಿಯಾದ ಮುಚ್ಚಳವೂ ಒಳ್ಳೆಯದಲ್ಲ. ಒಳಕ್ಕೆ ಸರಿಯುವ ಲೆನ್ಸುಗಳಲ್ಲಿ ಮುಚ್ಚಳವನ್ನು ಎಳೆದರೆ ಕೊಳವೆಯೇ ಕೈಗೆ ಬರುತ್ತದೆ. ತಿರುಚಿದರೆ ಮುಂದಿನ ಉಂಗುರ ಸಡಿಲಾಗುತ್ತದೆ. ಫೆಲ್ಟನ್ನು ಮರಳುಕಾಗದದಿಂದ ತುಸು ತೇಯಬೇಕು, ಆದರೆ ಕ್ಯಾಮೆರಾದಿಂದ ದೂರದಲ್ಲಿ. ಆಮೇಲೆ ಕುಂಚದಿಂದ ಧೂಳು ಜಾಡಿಸಬೇಕು. ಎರಡು ಬೆರಳಿಗೆ ಸಲೀಸಾಗಿ ಬರಬೇಕು, ಹಾಸಿಗೆಯ ಮೇಲೆ ಕ್ಯಾಮೆರಾವನ್ನು ಬೋರಲಾಗಿ ಹಿಡಿದು ಅಲುಗಿಸಿದರೆ ಬೀಳಬಾರದು. ಅಷ್ಟಾದರೆ ಅಳತೆ ಸರಿಯಾಯಿತು.

ಲೆನ್ಸಿಗೆ ಫಿಲ್ಟರ್ ಹಾಕಿದ್ದೇನೆ, ಸಾಲದೇ ಎಂದು ಪತ್ರದಲ್ಲಿ ಕೇಳಿದ್ದಾರೆ. ಸಾಲದು. ಅದು ಗೀರನ್ನು ತಡೆಯುತ್ತದೆ, ಬಿಸಿಲನ್ನು ತಡೆಯುವುದಿಲ್ಲ. ಮುಚ್ಚಳ ಸಿದ್ಧವಾಗುವವರೆಗೆ ಬೆಳಕಿನ ಕಿಂಡಿಯನ್ನು ಅತಿ ಕಿರಿದಾಗಿಸಿ, ದೂರದ ಉಂಗುರವನ್ನು ಅತಿ ಸಮೀಪಕ್ಕೆ ತಿರುಗಿಸಿ, ಕ್ಯಾಮೆರಾವನ್ನು ಬಿಸಿಲಿಗೆ ಬೆನ್ನಾಗಿ ಇಡಲಿ. ಮುಚ್ಚಳದ ಒಳವ್ಯಾಸವನ್ನು ಅವರು ತಿಳಿಸಿಲ್ಲ. ಅಳೆದು ಬರೆದರೆ, ನಮ್ಮಲ್ಲಿ ಉಳಿದಿರುವ ಫೆಲ್ಟಿನಲ್ಲಿ ಒಂದು ಪಟ್ಟಿ ಕತ್ತರಿಸಿ ಅಂಚೆಯಲ್ಲಿ ಕಳುಹಿಸುವೆವು.