ಮೊದಲ ಸಹಿ ಯಾರದ್ದು?



ತಿಂಗಳ ಕೊನೆಗೆ ಸಂಬಳದ ಮೆಸೇಜ್ ಬಾರದಿದ್ದರೆ ಕ್ಯಾಂಪಿನ ರೂಮಿನಲ್ಲಿ ಏನಾಗುತ್ತದೆ ಎಂದು ಗಲ್ಫಿನಲ್ಲಿ ದುಡಿದವರಿಗೆ ವಿವರಿಸಬೇಕಾಗಿಲ್ಲ. ಮೊದಲ ತಿಂಗಳು ತಮಾಷೆ ಮಾಡುತ್ತೇವೆ. ಎರಡನೆಯ ತಿಂಗಳು ಸಾಲ ಕೇಳುತ್ತೇವೆ. ಮೂರನೆಯ ತಿಂಗಳು ಊರಿನಿಂದ ಫೋನ್ ಬಂದರೆ ಎದ್ದು ಹೊರಗೆ ಹೋಗಿ ಮಾತಾಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಲೆಕ್ಕ ಬರೆಯುತ್ತಿದ್ದ ಕಂಪೆನಿಯೊಂದರಲ್ಲಿ ನಾಲ್ಕು ತಿಂಗಳು ಹೀಗೇ ಆಯಿತು. ಆಫೀಸಿನವರಿಗೆ ಮತ್ತು ಫೋರ್‌ಮನ್‌ಗಳಿಗೆ ಮಾತ್ರ ಗುಟ್ಟಾಗಿ ಅರ್ಧ ಸಂಬಳ ಕೊಡುವುದೆಂದು ತೀರ್ಮಾನವಾಯಿತು. ಆ ಪಟ್ಟಿ ಟೈಪ್ ಮಾಡಿದ್ದು ನಾವೇ. ಅದರಲ್ಲಿ ನಮ್ಮ ಹೆಸರೂ ಇತ್ತು, ಹಣ ತೆಗೆದುಕೊಂಡೆವು. ನಮ್ಮ ಊರ ಕಡೆಯ ಒಬ್ಬ ಫೋರ್‌ಮನ್ ಕಾಕ ಮಾತ್ರ ಕವರ್ ಮುಟ್ಟಲಿಲ್ಲ. "ಹುಡುಗರು ಬರೀ ಕುಬೂಸ್ ತಿಂದು ಮಲಗುವಾಗ ನನಗೆ ಇದು ಗಂಟಲಲ್ಲಿ ಇಳಿಯುದಿಲ್ಲ ಮಾರಾಯ್ರೆ" ಎಂದರು.

ಅಂದು ರಾತ್ರಿ ಅವರು ಎಲ್ಲರನ್ನೂ ಮೆಸ್ಸಿನಲ್ಲಿ ಕೂರಿಸಿದರು. ಬಸ್ಸಿಗೆ ಕಲ್ಲು ಹೊಡೆಯುವ ಎಂದವರಿದ್ದರು, ಕೆಲಸ ನಿಲ್ಲಿಸುವ ಎಂದವರಿದ್ದರು. ಹಾಗೆ ಮಾಡಿದರೆ ಇಲ್ಲಿ ಕೇಸು ನಮ್ಮ ಮೇಲೆಯೇ ಬೀಳುತ್ತದೆ ಎಂದು ಕಾಕ ತಡೆದರು. ಲೇಬರ್ ಆಫೀಸಿಗೆ ಕೊಡುವ ದೂರಿಗೆ ಮೊದಲ ಸಹಿ ಅವರೇ ಹಾಕಿದರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ಮದುವೆ ಬಾಕಿ ಇತ್ತು. ಅವರ ಸಹಿ ನೋಡಿದ ಮೇಲೆ ಉಳಿದವರ ಕೈಗೂ ಪೆನ್ನು ಬಂತು.

ಹುಡುಗರ ಬಾಕಿ ಕಂತು ಕಂತಾಗಿ ಬಂತು, ಪೂರ್ತಿ ಬರಲಿಲ್ಲ. ಕಾಕನ ವೀಸಾ ಮಾತ್ರ ಮುಂದುವರಿಯಲಿಲ್ಲ. ಧೈರ್ಯಕ್ಕೆ ಬೆಲೆ ಇಲ್ಲ ಎಂದು ಬರೆದರೆ ಸುಳ್ಳಾದೀತು. ಬೆಲೆ ಉಂಟು. ಅದನ್ನು ಒಬ್ಬನೇ ತೆರಬೇಕಾಗಿ ಬಂದದ್ದು ನಮ್ಮಂಥವರು ಸುಮ್ಮನಿದ್ದುದರಿಂದ.

ಹಿಜರಿ 5ರಲ್ಲಿ ಮದೀನಾಕ್ಕೆ ಮುತ್ತಿಗೆ ಬಂದಾಗ ಪ್ರವಾದಿ(ಸ)ರು ದಂಡೆಯ ಮೇಲೆ ನಿಂತು ಕಂದಕ ತೋಡಿಸಲಿಲ್ಲ; ಸಂಗಾತಿಗಳ ಜೊತೆ ತಾವೂ ಅಗೆದರು, ಮಣ್ಣು ಹೊತ್ತರು, ಹಸಿವಿಗೆ ಹೊಟ್ಟೆಗೆ ಕಲ್ಲು ಕಟ್ಟಿಕೊಂಡರು. ಮುಂದೆ ನಿಲ್ಲುವುದೆಂದರೆ ಇದು. 2016ರಲ್ಲಿ ಸೌದಿಯಲ್ಲಿ ಸಾವಿರಾರು ಭಾರತೀಯರು ಸಂಬಳ, ಊಟ ಇಲ್ಲದೆ ಕ್ಯಾಂಪುಗಳಲ್ಲಿ ಸಿಕ್ಕಿಬಿದ್ದಾಗ ಜಿದ್ದಾದ ಅನಿವಾಸಿಗಳು ಕಾನ್ಸುಲೇಟ್ ಜೊತೆ ಸೇರಿ ಅಕ್ಕಿ ಬೇಳೆ ತಲುಪಿಸಿದ್ದೂ ಇದೇ ದಾರಿಯಲ್ಲಿ.

ಇನ್ನು ಕೆಲಸದ ಮಾತು. ಸಂಬಳ ಬ್ಯಾಂಕ್ ಮೂಲಕ ಬಂತೋ ಇಲ್ಲವೋ ಎಂದು ಸರಕಾರವೇ ನೋಡುವ ವ್ಯವಸ್ಥೆ ಯುಎಇಯಲ್ಲಿ 2009ರಿಂದ, ಸೌದಿಯಲ್ಲಿ 2013ರಿಂದ ಉಂಟು. ದಾಖಲೆ ಇದ್ದವನ ದೂರಿಗೆ ತೂಕ ಜಾಸ್ತಿ. ಕಾಂಟ್ರಾಕ್ಟ್, ಇಕಾಮಾ ಅಥವಾ ಲೇಬರ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಾಜರಿಯ ಫೋಟೋ, ಇವುಗಳ ಒಂದು ಪ್ರತಿ ಮೊಬೈಲಿನಲ್ಲಿ, ಇನ್ನೊಂದು ಊರಿನ ಮನೆಯಲ್ಲಿ ಇರಲಿ. ರಾಯಭಾರ ಕಚೇರಿಗೆ ತಲುಪಲು 'ಮದದ್' ಪೋರ್ಟಲ್ ಇದೆ. ತೀರಾ ಕಷ್ಟದಲ್ಲಿ ಸಿಕ್ಕಿಕೊಂಡವರಿಗಾಗಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ.

ಮನೆಯಲ್ಲಿರುವ ತಾಯಂದಿರು, ಅಕ್ಕತಂಗಿಯರಲ್ಲಿ ಒಂದು ಮಾತು. ಹಣ ಬಾರದ ತಿಂಗಳು "ಪಕ್ಕದ ಮನೆಯವನು ಕಳಿಸಿದ್ದಾನಲ್ಲಾ" ಎನ್ನಬೇಡಿ. "ಊಟ ಆಯ್ತಾ?" ಎಂದು ಕೇಳಿ. ಅಷ್ಟೇ ಸಾಕು, ಅವನು ಮರುದಿನ ಎದ್ದು ನಿಲ್ಲುತ್ತಾನೆ.

ಆಫೀಸಿನ ತಂಪಿನಲ್ಲಿ ಕೂತ ನಮ್ಮಂಥವರಿಗೂ ಕೆಲಸ ಉಂಟು. ಅರ್ಜಿ ಬರೆಯಲು, ಲೆಕ್ಕ ತೆಗೆಯಲು ನಮಗೆ ಬರುತ್ತದೆ. ಅಂದು ಅದನ್ನು ಮಾಡದೆ ಕವರ್ ಹಿಡಿದು ಮನೆಗೆ ಹೋದೆವು. ಇನ್ನೊಮ್ಮೆ ಅಂಥ ದಿನ ಬಂದರೆ ಎರಡನೆಯ ಸಹಿಯಾದರೂ ನಮ್ಮದಾಗಿರಲಿ. ಅಲ್ಲಾಹನು ಆ ಧೈರ್ಯ ಕೊಡಲಿ, ಆಮೀನ್.