ಉಪವಾಸ ಬಿದ್ದು ಇಳಿಸಿದ ತೂಕ ಉಳಿಯುವುದೇ?

ಮದುವೆ ನಿಶ್ಚಯವಾದ ಕೂಡಲೇ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ಏಕಕಾಲಕ್ಕೆ ಆರಂಭವಾಗುತ್ತವೆ. ಒಂದೆಡೆ ಔತಣಕ್ಕೆ ಎಷ್ಟು ಬಗೆಯ ಮಾಂಸದಡುಗೆ ಇರಬೇಕೆಂಬ ಚರ್ಚೆ. ಇನ್ನೊಂದೆಡೆ ಮದುಮಗಳಾಗಲಿರುವ ಹುಡುಗಿ ಅನ್ನ ಬಿಡುತ್ತಾಳೆ. ಬೆಳಗ್ಗೆ ಲಿಂಬೆ ನೀರು, ಮಧ್ಯಾಹ್ನ ನಾಲ್ಕು ಹೋಳು ಸೌತೆಕಾಯಿ, ರಾತ್ರಿ ಏನೂ ಇಲ್ಲ. ತಿಂಗಳಲ್ಲಿ ಐದಾರು ಕಿಲೋ ಇಳಿಯಿತೆಂದು ಮನೆಮಂದಿ ಸಂಭ್ರಮಿಸುತ್ತಾರೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಇಳಿದದ್ದೆಲ್ಲ ಮರಳಿ ಬಂದಿರುತ್ತದೆ. ಆಗ ದೂರು ಆಕೆಯ ಮೇಲೆಯೇ: ನಾಲಿಗೆಗೆ ಕಡಿವಾಣವಿಲ್ಲ!

ಇದು ನ್ಯಾಯವೇ? 1944ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಆರಂಭಿಸಿದರು. 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ. ತೂಕವೇನೋ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ಉತ್ಸಾಹ ಉಡುಗಿತು, ಸಿಡುಕು ಹೆಚ್ಚಿತು, ಹಗಲಿರುಳು ಅನ್ನದ್ದೇ ಧ್ಯಾನವಾಯಿತು. ನಿರ್ಬಂಧ ತೆರವಾದ ಬಳಿಕ ಎಷ್ಟು ತಿಂದರೂ ಅವರಿಗೆ ತೃಪ್ತಿಯಿರಲಿಲ್ಲ. ಅದೇ ದೇಶದ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಪ್ರಕಟವಾಯಿತು. 13 ಮಂದಿಯ ತೂಕ ಮತ್ತೆ ಏರಿತ್ತು. ಅವರ ದೇಹವು ಶಕ್ತಿಯನ್ನು ಬಹಳ ಜಿಪುಣತನದಿಂದ ವ್ಯಯಿಸತೊಡಗಿತ್ತು. ಹಠಾತ್ತನೆ ಅನ್ನ ಕಸಿದರೆ ದೇಹ ಅದನ್ನು ಬರಗಾಲವೆಂದೇ ಭಾವಿಸುತ್ತದೆ. ಇದರಲ್ಲಿ ಹುಡುಗಿಯ ತಪ್ಪೇನಿದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 24 ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ತೂಕ ಹೆಚ್ಚಿರುವವಳು ಪುಷ್ಟಿಯಾಗಿಯೇ ಇದ್ದಾಳೆಂದು ಭಾವಿಸುವುದು ಎಂಥ ಪ್ರಮಾದವೆಂದು ಇದರಿಂದ ತಿಳಿಯುತ್ತದೆ. ರಕ್ತವಿಲ್ಲದ ದೇಹಕ್ಕೆ ಉಪವಾಸ ವಿಧಿಸಿ, ವರ್ಷದೊಳಗೆ ಅವಳಿಂದ ಮಗುವನ್ನೂ ನಿರೀಕ್ಷಿಸುತ್ತೇವೆ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಚಹಾದಿಂದಲೇ ಆರಂಭಿಸೋಣ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಮಿಗೆ ಕಡಿಮೆಯಿಲ್ಲ. ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ಇಂದೇ ಸಕ್ಕರೆಯನ್ನು ಪೂರ್ತಿ ಬಿಡುವವರು ಮುಂದಿನ ಶುಕ್ರವಾರ ಮೂರು ಚಮಚ ಹಾಕಿಕೊಳ್ಳುತ್ತಾರೆ. ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಮುನಿಯುವುದಿಲ್ಲ. ಎಣ್ಣೆಯನ್ನು ಡಬ್ಬದಿಂದ ನೇರವಾಗಿ ಬಾಣಲೆಗೆ ಸುರಿಯುವ ಬದಲು ಚಮಚದಲ್ಲಿ ಅಳೆಯಬೇಕು. ಒಂದು ದೊಡ್ಡ ಚಮಚದಲ್ಲಿಯೇ ಸುಮಾರು 120 ಕ್ಯಾಲೊರಿಯಿದೆ. ಮೀನು ವಾರದಲ್ಲಿ ಎರಡು ದಿನ ಹುರಿದದ್ದಿರಲಿ, ಉಳಿದ ದಿನ ಸಾರಾಗಲಿ. ತಟ್ಟೆಗೆ ಮೊದಲು ಪಲ್ಯ ಬೀಳಲಿ, ಅನ್ನ ಆಮೇಲೆ ಬರಲಿ. ಬಿರಿಯಾನಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ, ಹೇಳಿದರೂ ಯಾರೂ ಕೇಳಲಾರರು. ಎರಡನೆಯ ಬಾರಿ ಬಡಿಸಿಕೊಳ್ಳುವ ಮುನ್ನ ಹತ್ತು ನಿಮಿಷ ಕಾದರೆ ಸಾಕು.

ತಾಯಂದಿರದ್ದು ಇನ್ನೊಂದು ಕಥೆ. ಎಲ್ಲರೂ ಉಂಡ ಮೇಲೆ ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ದುಂದಾಗಬಾರದೆಂದು ಅವರೇ ತಿನ್ನುತ್ತಾರೆ. ದುಂದಿನ ಭಯ ಸರಿಯಾದದ್ದೇ. ಆದರೆ ಪರಿಹಾರ ಇರುವುದು ಕಡಿಮೆ ಬಡಿಸುವುದರಲ್ಲಿ, ತಾಯಿಯ ಹೊಟ್ಟೆಯನ್ನು ಪಾತ್ರೆಯಾಗಿಸುವುದರಲ್ಲಲ್ಲ. ಹೊಟ್ಟೆಯ ಮೂರನೆಯ ಒಂದು ಭಾಗವಷ್ಟೇ ಆಹಾರಕ್ಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಭಾಷಣಗಳಲ್ಲಿ ಕೇಳಿ ತಲೆದೂಗುವ ನಾವು, ರಮಝಾನಿನ ಸಂಜೆ ಕರಿದ ಸಮೋಸಗಳ ಮುಂದೆ ಅದನ್ನು ಮರೆಯುತ್ತೇವೆ. ಇಡೀ ತಿಂಗಳು ಉಪವಾಸವಿದ್ದೂ ಹಬ್ಬದ ಹೊತ್ತಿಗೆ ತೂಕ ಏರಿಸಿಕೊಂಡವರು ನಮ್ಮಲ್ಲಿ ವಿರಳವಲ್ಲ.

ಹೊಣೆಯೆಲ್ಲ ಅಡುಗೆಮನೆಯದ್ದೂ ಅಲ್ಲ. ಚಿಲಿ ದೇಶವು 2016ರಲ್ಲಿಯೇ ಅತಿ ಸಕ್ಕರೆ, ಅತಿ ಉಪ್ಪಿನ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಎಚ್ಚರಿಕೆ ಚಿಹ್ನೆಯನ್ನು ಕಡ್ಡಾಯಗೊಳಿಸಿತು. ನಮ್ಮ ಆಹಾರ ಪ್ರಾಧಿಕಾರ 2022ರಲ್ಲಿ ಮುಂದಿಟ್ಟದ್ದು ಎಚ್ಚರಿಕೆಯ ಬದಲು ನಕ್ಷತ್ರ ನೀಡುವ ಕರಡು. ಬಿಸ್ಕತ್ತಿನ ಪೊಟ್ಟಣಕ್ಕೆ ಎರಡು ನಕ್ಷತ್ರ ಸಿಕ್ಕರೆ ಅದನ್ನು ಮಗು ಬಹುಮಾನವೆಂದೇ ತಿಳಿಯದೇ?

ಮದುವೆ ಗೊತ್ತಾದ ಹುಡುಗಿಯರಿರುವ ಮನೆಯವರು ಮೊದಲು ಆಕೆಯ ರಕ್ತ ಪರೀಕ್ಷೆ ಮಾಡಿಸಲಿ. ಚಹಾದ ಸಕ್ಕರೆಯನ್ನು ಅವಳೊಬ್ಬಳ ಲೋಟದಲ್ಲಲ್ಲ, ಅಪ್ಪ ಮತ್ತು ಅಣ್ಣಂದಿರ ಲೋಟದಲ್ಲೂ ಇಳಿಸಲಿ.